ಜರ್ಮನಿಯ ಪರವಾಗಿ ಏಳು ವಾರ

ಮೊದಲನೆಯ ಮಹಾಯುದ್ಧ ಮುಗಿದು ನೂರು ವರ್ಷ ದಾಟಿದ ಮೇಲೆ, ಮೇರಿಲ್ಯಾಂಡಿನ ಕ್ಲಾರ್ಕ್ಸ್‌ಬರ್ಗ್‌ನಲ್ಲಿ ಕೂತು, ನಾನು ಏಳು ವಾರ ಜರ್ಮನಿಯ ಪರವಾಗಿ ಹೋರಾಡಿದೆ. ಯಾರೂ ನನ್ನನ್ನು ಕರೆದಿರಲಿಲ್ಲ. ಕರೆಯದ ಕಡೆ ಮೂಗು ತೂರಿಸುವುದು ನನ್ನ ಹುಟ್ಟುಗುಣ ಎಂದು ನನ್ನ ಹೆಂಡತಿ ಹೇಳುತ್ತಾಳೆ. ನಾನು ಅದನ್ನು ಇತಿಹಾಸದಲ್ಲಿ ಆಸಕ್ತಿ ಎನ್ನುತ್ತೇನೆ.

ಆಗಿದ್ದು ಇಷ್ಟು. ಕಳೆದ ವರ್ಷ ಮಾರ್ಚ್ ಮೊದಲ ವಾರ, ಹತ್ತನೆಯ ತರಗತಿಯಲ್ಲಿದ್ದ ನನ್ನ ಮಗಳ ಹಿಸ್ಟರಿ ಟೀಚರ್, ಯುದ್ಧದ ನಂತರ ಪ್ಯಾರಿಸ್ಸಿನಲ್ಲಿ ನಡೆದ ಶಾಂತಿ ಸಮ್ಮೇಳನವನ್ನು ಮಕ್ಕಳ ಕೈಯಲ್ಲಿ ಆಡಿಸಲು ನಿರ್ಧರಿಸಿದರು. ದೇಶಗಳ ಹೆಸರು ಬರೆದ ಚೀಟಿಗಳನ್ನು ಒಂದು ಟೋಪಿಯೊಳಗೆ ಹಾಕಿ ಎತ್ತಿಸಿದರು. ನನ್ನ ಮಗಳಿಗೆ ಜರ್ಮನಿ ಬಂತು. ಗೆದ್ದ ದೇಶಗಳು ಕೋಣೆಯೊಳಗೆ ಕೂತು ಷರತ್ತುಗಳನ್ನು ತೀರ್ಮಾನಿಸುವಾಗ ಜರ್ಮನಿ ಹೊರಗೆ ಕಾರಿಡಾರಿನಲ್ಲಿ ನಿಂತಿರಬೇಕು, ಕರೆದಾಗ ಒಳಗೆ ಬಂದು ತನ್ನ ಆಕ್ಷೇಪಣೆ ಓದಬೇಕು, ಇಲ್ಲವೇ ಸಹಿ ಹಾಕಬೇಕು. ಆಕ್ಷೇಪಣೆ ಓದಿದರೆ ಮುಂದಿನ ವಾರ ಇನ್ನೊಂದು ಸುತ್ತು. ನನ್ನ ಮಗಳು ಕಾರಿಡಾರಿನಲ್ಲಿ ನಿಲ್ಲುವುದೆಂದರೆ ಏನು ಎಂದು ನಾನು ಟೀಚರಿಗೆ ಉದ್ದನೆಯ ಇಮೇಲ್ ಬರೆದೆ. ಅವರು ಒಂದೇ ಸಾಲಿನಲ್ಲಿ, ಇದು ಇತಿಹಾಸ, ನನ್ನ ನಿರ್ಧಾರವಲ್ಲ ಎಂದು ಉತ್ತರಿಸಿದರು.

ಫ್ರಾನ್ಸ್ ಚೀಟಿ ಸಿಕ್ಕಿದ್ದು ಮಗಳ ಜೀವದ ಗೆಳತಿಗೆ. ಆ ಹುಡುಗಿಯ ಮನೆ ನಮ್ಮಿಂದ ಐದನೆಯದು. ಅವರದು ಉಡುಪಿ ಕಡೆ, ಹಾಗಾಗಿ ಆ ಹುಡುಗಿಯ ಅಪ್ಪನಿಗೆ ನಮ್ಮ ಮನೆಯಲ್ಲಿ ‘ಉಡುಪಿಯವರು’ ಎಂದೇ ಹೆಸರು. 2020ರಲ್ಲಿ, ಜಗತ್ತೆಲ್ಲ ಬಾಗಿಲು ಹಾಕಿಕೊಂಡಿದ್ದಾಗ, ಅವರ ಕುಟುಂಬ ನಮ್ಮ ಬೀದಿಗೆ ಬಂತು. ಮಾಸ್ಕ್ ಇಲ್ಲದ ಮುಖ ನೋಡುವ ಮೊದಲೇ ಅವರ ಕೈರುಚಿ ನಮಗೆ ಗೊತ್ತಾಗಿತ್ತು. ನಾವು ಮೂವರೂ ಕೋವಿಡ್ ಬಂದು ಮಲಗಿದ್ದಾಗ ಗಂಡ ಹೆಂಡತಿ ದಿನವೂ ಒಂದು ಸ್ಟೀಲ್ ಡಬ್ಬಿಯಲ್ಲಿ ಗಂಜಿ ತಂದು ಬಾಗಿಲ ಮುಂದಿಟ್ಟು, ಬೆಲ್ ಒತ್ತಿ, ಹಿಂದೆ ಸರಿದು ಹುಲ್ಲಿನ ಮೇಲೆ ನಿಂತು ಕೈ ಬೀಸುತ್ತಿದ್ದರು. ಹುಷಾರಾದ ಮೇಲೆ ನಾವು ಡಬ್ಬಿಯನ್ನು ತೊಳೆದು, ಹೆಸರುಬೇಳೆ ಪಾಯಸ ತುಂಬಿ ಹಿಂದಿರುಗಿಸಿದೆವು. ಖಾಲಿ ಪಾತ್ರೆ ಹಿಂದೆ ಕೊಡುವ ಪದ್ಧತಿ ನಮ್ಮಲ್ಲಿ ಇಲ್ಲ. ಅವರಲ್ಲೂ ಇಲ್ಲ. ಅಂದಿನಿಂದ ಆ ಡಬ್ಬಿ ಎರಡು ಮನೆಗಳ ನಡುವೆ ಓಡಾಡುತ್ತಲೇ ಇದೆ.

ಉಡುಪಿಯವರೂ ನಾನೂ ವಾರಕ್ಕೆ ಮೂರು ದಿನ ಒಂದೇ ಕಾರಿನಲ್ಲಿ ರಾಕ್‌ವಿಲ್‌ಗೆ ಆಫೀಸಿಗೆ ಹೋಗುತ್ತಿದ್ದೆವು. ನನ್ನದು ಔಷಧಿ ಪ್ರಯೋಗಗಳ ಡೇಟಾ ಪರಿಶೀಲಿಸುವ ಕಂಪನಿ, ಅವರದು ಸರಕಾರಿ ಕಾಂಟ್ರಾಕ್ಟ್ ಹಿಡಿದ ಇನ್ನೊಂದು ಕಂಪನಿ. ಕೆಲಸ ಹೆಚ್ಚು ಕಡಿಮೆ ಒಂದೇ. ವ್ಯತ್ಯಾಸ ಏನೆಂದರೆ ನನ್ನ ಹತ್ತಿರ ಗ್ರೀನ್ ಕಾರ್ಡ್ ಇದೆ, ಅವರು ವೀಸಾದ ಮೇಲೆ ಇದ್ದಾರೆ.

ಮಕ್ಕಳು ಚೀಟಿ ಎತ್ತಿದ ವಾರವೇ ಆ ಕಾಂಟ್ರಾಕ್ಟ್ ರದ್ದಾಗಿ ಉಡುಪಿಯವರ ಕೆಲಸ ಹೋಯಿತು. ವೀಸಾದ ಮೇಲಿರುವವರಿಗೆ ಕೆಲಸ ಹೋದರೆ ಅರವತ್ತು ದಿನ ಗಡುವು. ಅಷ್ಟರಲ್ಲಿ ಇನ್ನೊಂದು ಕೆಲಸ ಹಿಡಿಯಬೇಕು, ಇಲ್ಲವೇ ಮನೆ, ಕಾರು, ಮಗಳ ಶಾಲೆ ಎಲ್ಲ ಬಿಟ್ಟು ವಿಮಾನ ಹತ್ತಬೇಕು. ಇದು ಆಗ ನನಗೆ ಗೊತ್ತಿರಲಿಲ್ಲ. “ನಮ್ಮ ಆಫೀಸಲ್ಲಿ ಈಗ ವರ್ಕ್ ಫ್ರಮ್ ಹೋಮ್ ಮಾಡಿದ್ದಾರೆ ಮಾರಾಯ್ರೆ, ಇನ್ನು ನೀವೊಬ್ರೇ ಹೋಗಿ” ಎಂದು ಅವರು ಹೇಳಿದರು, ನಾನು ನಂಬಿದೆ. ಓದುವವರಿಗೆ ಮಾತ್ರ ಈಗಲೇ ಹೇಳಿಬಿಡುತ್ತೇನೆ. ಮುಂದೆ ನಾನು ಮಾಡಿದ್ದನ್ನೆಲ್ಲ ಓದುವಾಗ ನನ್ನ ಮೇಲೆ ಎಷ್ಟು ಸಿಟ್ಟು ಬರಬೇಕೋ ಅಷ್ಟು ಬರಲಿ.

ನಮ್ಮವರಲ್ಲಿ ಮಕ್ಕಳ ಪ್ರಾಜೆಕ್ಟ್ ಎಂದರೆ ಅಪ್ಪಂದಿರ ಪ್ರಾಜೆಕ್ಟ್. ಈ ಬೀದಿಯಲ್ಲಿ ಎಷ್ಟೋ ಜ್ವಾಲಾಮುಖಿಗಳನ್ನು, ಸೌರಮಂಡಲಗಳನ್ನು ಅಪ್ಪಂದಿರು ಶನಿವಾರ ಭಾನುವಾರ ಕೂತು ಮಾಡಿದ್ದಾರೆ. ಮಕ್ಕಳು ಅವನ್ನು ಜೋಪಾನವಾಗಿ ಹೊತ್ತುಕೊಂಡು ಹೋಗುತ್ತಾರೆ, ಅಷ್ಟೆ. ಹಾಗಾಗಿ ಫ್ರಾನ್ಸಿನ ಬೇಡಿಕೆಗಳ ಪಟ್ಟಿ ಮಗಳ ಲ್ಯಾಪ್‌ಟಾಪಿಗೆ ಬಂದಾಗ, ಅದು ಹದಿನೈದು ವರ್ಷದ ಹುಡುಗಿ ಬರೆದದ್ದಲ್ಲ ಎಂದು ನನಗೆ ಒಂದೇ ನೋಟಕ್ಕೆ ತಿಳಿಯಿತು. ಬಣ್ಣದ ನಕ್ಷೆಗಳು, ಅಡಿಟಿಪ್ಪಣಿಗಳು, ರೈನ್ ನದಿಯ ಎಡದಂಡೆಯ ಪ್ರತಿ ಸೇತುವೆಯ ಹೆಸರು. ಆಲ್ಸೇಸ್ ಲೊರೇನ್ ಪ್ರಾಂತ್ಯ ಬೇಕು, ಜರ್ಮನಿಯ ಕಲ್ಲಿದ್ದಲ ಗಣಿಗಳು ಹದಿನೈದು ವರ್ಷಕ್ಕೆ ಬೇಕು, ಮೇಲಾಗಿ ಯುದ್ಧಕ್ಕೆ ತಾನೇ ಕಾರಣ ಎಂದು ಜರ್ಮನಿ ಒಪ್ಪಿಕೊಳ್ಳಬೇಕು. ಕೆಲಸವಿಲ್ಲದ ಮನುಷ್ಯ ಬೆಳಗಿನಿಂದ ಸಂಜೆಯವರೆಗೆ ಕೂತು ಮಾಡಿದ ಕೆಲಸ ಅದು. ನನಗೆ ಅದರಲ್ಲಿ ಕಂಡದ್ದು ದುರಹಂಕಾರ ಮಾತ್ರ.

ನಾನು ಹನ್ನೊಂದು ಪುಟದ ಆಕ್ಷೇಪಣೆ ಬರೆದೆ. ಮಗಳು ಅದನ್ನು ಫೋನಿನಲ್ಲಿ ಬೆರಳಿನಿಂದ ಮೇಲೆ ತಳ್ಳುತ್ತಾ ತಳ್ಳುತ್ತಾ ಕೊನೆ ಮುಟ್ಟುವಷ್ಟರಲ್ಲಿ ಸುಸ್ತಾದಳು.

“ಅಪ್ಪಾ, ಇದು ಜಸ್ಟ್ ಟ್ವೆಂಟಿ ಪಾಯಿಂಟ್ಸ್. ವೀಕ್ಲಿ ಕ್ವಿಜ್‌ಗೂ ಟ್ವೆಂಟಿ ಪಾಯಿಂಟ್ಸ್.”

“ಮಾರ್ಕ್ಸ್ ಪ್ರಶ್ನೆ ಅಲ್ಲ ಪುಟ್ಟಾ, ಮರ್ಯಾದೆ ಪ್ರಶ್ನೆ.”

“ಯಾರ ಮರ್ಯಾದೆ?”

“ಜರ್ಮನಿದು” ಎಂದೆ. ಅವಳ ಅಮ್ಮ ಅಡುಗೆಮನೆಯಿಂದಲೇ ನಕ್ಕಳು.

ಯುಗಾದಿಯ ದಿನ ಜಗಳ ಬಹಿರಂಗವಾಯಿತು. ನಮ್ಮದು ಚಾಂದ್ರಮಾನ, ಅವರದು ಸೌರಮಾನ. ಅವರ ಯುಗಾದಿ ನಮ್ಮದಾಗಿ ಎರಡು ವಾರಕ್ಕೆ ಬರುತ್ತದೆ. ಪ್ರತಿ ವರ್ಷ ನಮ್ಮ ಹಬ್ಬಕ್ಕೆ ಅವರು ನಮ್ಮಲ್ಲಿ ಉಣ್ಣುತ್ತಾರೆ, ಅವರ ಹಬ್ಬಕ್ಕೆ ನಾವು ಅವರಲ್ಲಿ. ಎರಡೂ ಹಬ್ಬ ಸಿಕ್ಕಿದ ಲಾಭ ನಮ್ಮ ಎರಡೂ ಮನೆಗೆ. ಆ ಭಾನುವಾರವೂ ಅವರ ಹೆಂಡತಿ ಡಬ್ಬಿಯಲ್ಲಿ ಕೋಸಂಬರಿ ತುಂಬಿಕೊಂಡು ಬಂದರು. ಬೇವುಬೆಲ್ಲ ಆಯಿತು, ಒಬ್ಬಟ್ಟು ಬಡಿಸಿದ್ದಾಯಿತು. ಉಡುಪಿಯವರು ಎಂದಿಗಿಂತ ಕಡಿಮೆ ಮಾತಾಡುತ್ತಿದ್ದರು. ನಾನು ತುಪ್ಪದ ಮಿಳ್ಳೆ ಹಿಡಿದುಕೊಂಡೇ ಶುರು ಮಾಡಿದೆ.

“ಅಲ್ಲಾ ಸ್ವಾಮಿ, ಹದಿನೈದು ವರ್ಷ ಕಲ್ಲಿದ್ದಲ ಗಣಿ ನಿಮಗೇ ಬೇಕಾ? ಏನು ದುರಾಸೆರೀ ಇದು?”

“ದುರಾಸೆ ಎಂತದು ಮಾರಾಯ್ರೆ” ಎಂದರು ಅವರು. “ಸೋತು ಹಿಂದೆ ಹೋಗುವಾಗ ನಮ್ಮ ಗಣಿಗಳಿಗೆ ನೀರು ತುಂಬ್ಸಿ ಹೋದದ್ದು ಯಾರು? ನಿಮ್ಮ ಜರ್ಮನ್ ಸೈನ್ಯ ಅಲ್ವಾ? ಫ್ರಾನ್ಸ್ ಗೆದ್ದದ್ದು ಹೌದು. ಆದ್ರೆ ಅದರ ಮನೆ ಸುಟ್ಟು ಹೋಗಿತ್ತಲ್ಲ.”

“ಸೋತವರನ್ನ ಕಾರಿಡಾರಲ್ಲಿ ನಿಲ್ಲಿಸಿ ಬರೆಸಿಕೊಳ್ಳೋದು ಶಾಂತಿನೇನ್ರೀ? ಇಪ್ಪತ್ತು ವರ್ಷದಲ್ಲಿ ಇನ್ನೊಂದು ಯುದ್ಧ ಆಯ್ತಲ್ಲ.”

“ಅದು ನಂಗೆ ಆಗ ಗೊತ್ತಿಲ್ಲಲ್ಲ, ನಾನು ಈಗ ಸಾವಿರದ ಒಂಬೈನೂರ ಹತ್ತೊಂಬತ್ತನೇ ಇಸವಿಯಲ್ಲಿ ಇದ್ದೇನೆ. ಮತ್ತೆ ಒಂದು ವಿಷಯ, ನಿಮ್ಮ ಮೈಸೂರಿನ ಕುದುರೆ ಸೈನ್ಯ ಆ ಯುದ್ಧದಲ್ಲಿ ನಮ್ಮ ಕಡೆ ಇದ್ದದ್ದು. ನೀವು ಪಾರ್ಟಿ ಬದಲಾಯಿಸಿದ್ದು ಯಾವಾಗ?”

ಮಕ್ಕಳಿಬ್ಬರೂ ಕಿಸಕ್ಕನೆ ನಕ್ಕರು. ನನ್ನ ಮಗಳು, ಅಂದರೆ ಸಾಕ್ಷಾತ್ ಜರ್ಮನಿ, ಎಲ್ಲರಿಗಿಂತ ಜೋರಾಗಿ ನಕ್ಕಳು. ನನಗೆ ರೇಗಿತು. ನನ್ನ ಹುಟ್ಟೂರು ಮೈಸೂರಿನ ವಿಷಯ ಎತ್ತಿದರೆ ನನಗೆ ತಡೆಯುವುದಿಲ್ಲ.

“ದಿನಾ ಪೂರ್ತಿ ಮಗಳ ಹೋಮ್‌ವರ್ಕ್ ಬರ್ಕೊಂಡು ಕೂತಿರ್ತೀರಲ್ಲ, ಮಾಡೋಕೆ ಬೇರೆ ಕೆಲಸ ಇಲ್ವೇನ್ರೀ ನಿಮಗೆ?”

ಉಡುಪಿಯವರು ತಟ್ಟೆ ನೋಡಿಕೊಂಡು “ಇಲ್ಲ” ಎಂದರು. ನಾನು ಅದನ್ನು ಎದುರೇಟು ಎಂದುಕೊಂಡೆ. ಅವರ ಹೆಂಡತಿ ನೀರು ಕುಡಿಯುತ್ತಿದ್ದವರು ಲೋಟ ಕೆಳಗಿಟ್ಟರು. ನನ್ನ ಮಗಳು ನಗು ನಿಲ್ಲಿಸಿ ನನ್ನನ್ನೇ ನೋಡಿದಳು. ಮಜ್ಜಿಗೆ ಅನ್ನ ಬರುವ ಮೊದಲೇ ಅವರು ಕೈ ತೊಳೆದು, ಎಲ್ಲರಿಗೂ ಹಬ್ಬದ ಶುಭಾಶಯ ಹೇಳಿ ಹೊರಟುಹೋದರು. ವಾದದಲ್ಲಿ ಗೆದ್ದೆ ಎಂದು ನಾನು ಇನ್ನೊಂದು ಒಬ್ಬಟ್ಟು ಹಾಕಿಸಿಕೊಂಡೆ.

ಅಂದಿನಿಂದ ಮಾತು ನಿಂತಿತು. ಆದರೆ ಅವರ ಡಬ್ಬಿ ನಮ್ಮ ಮನೆಯಲ್ಲಿ ಉಳಿದಿತ್ತು. ತೊಳೆದು ಹಾಗೇ ಕಳಿಸಿಬಿಡು ಎಂದೆ. ನನ್ನ ಹೆಂಡತಿ ಕೈಯಲ್ಲಿದ್ದ ಬಟ್ಟೆ ಕೆಳಗಿಟ್ಟಳು.

“ಖಾಲಿ ಡಬ್ಬಿ ಕಳಿಸೋದಾದ್ರೆ ನೀವೇ ತಗೊಂಡು ಹೋಗಿ. ಹಾಗೇ ಅಲ್ಲೇ ಇದ್ದುಬಿಡಿ.”

ಡಬ್ಬಿಯಲ್ಲಿ ಚಟ್ನಿಪುಡಿ ಹೋಯಿತು. ಮಗಳು ಅದನ್ನು ಅವರ ಬಾಗಿಲಲ್ಲಿ ಇಟ್ಟು ಬಂದಳು. ಮೂರನೆಯ ದಿನ ಡಬ್ಬಿ ನಮ್ಮ ಬಾಗಿಲಲ್ಲಿತ್ತು, ಅದರ ತುಂಬ ಪತ್ರೊಡೆ. ಈ ದೇಶದಲ್ಲಿ ಕೆಸುವಿನ ಎಲೆ ಹುಡುಕಿ, ಅಕ್ಕಿ ಅರೆದು, ಹಚ್ಚಿ, ಸುತ್ತಿ, ಬೇಯಿಸಿದ ಪತ್ರೊಡೆ. ಅದಕ್ಕೆ ಉತ್ತರವಾಗಿ ಚಿತ್ರಾನ್ನ ಕಳಿಸಲು ಆಗುತ್ತದೆಯೇ? ನನ್ನ ಹೆಂಡತಿ ಒಂದು ಶನಿವಾರ ಪೂರ್ತಿ ನಿಂತು ಮೈಸೂರು ಪಾಕ್ ಮಾಡಿದಳು. ಮೈಸೂರು ಪಾಕ್ ಹೋದರೆ ಅಲ್ಲಿಂದ ಕಡಲೆಬೇಳೆ ಹಯಗ್ರೀವ ಬಂತು. ಎರಡು ದೇಶಗಳ ರಾಯಭಾರಿಗಳು ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ, ಆದರೆ ತುಪ್ಪದ ವ್ಯಾಪಾರ ಮಾತ್ರ ಯುದ್ಧಕ್ಕೆ ಮೊದಲಿಗಿಂತ ಜೋರಾಗಿತ್ತು. ನಾನು ಆ ತಿಂಗಳು ಬೆಲ್ಟಿನಲ್ಲಿ ಒಂದು ತೂತು ಹಿಂದೆ ಸರಿದೆ, ತಿನ್ನುವಾಗ ಮಾತ್ರ ಅವರ ಮೇಲಿನ ಸಿಟ್ಟನ್ನು ಪಕ್ಕಕ್ಕೆ ಇಟ್ಟೆ. ಅವರ ಯುಗಾದಿ ಬಂತು, ಕರೆ ಬರಲಿಲ್ಲ. ಡಬ್ಬಿಯಲ್ಲಿ ಪಾಯಸ ಬಂತು.

ಈ ನಡುವೆ ಒಂದು ಸಂಗತಿ ನಡೆಯಿತು. ಅದನ್ನು ಬರೆಯಲು ನನಗೆ ನಾಚಿಕೆಯಾಗುತ್ತದೆ. ಏಪ್ರಿಲ್ ಮೊದಲಲ್ಲಿ ನನ್ನ ಮ್ಯಾನೇಜರ್ ಇಮೇಲ್ ಕಳಿಸಿದಳು. ನಮ್ಮ ತಂಡದಲ್ಲಿ ಒಂದು ಜಾಗ ಇದೆ, ಬೇಗ ಬೇಕು, ಗೊತ್ತಿರುವವರಿದ್ದರೆ ಹೆಸರು ಕೊಡಿ, ವೀಸಾ ವರ್ಗಾವಣೆಯನ್ನೂ ಕಂಪನಿ ಮಾಡಿಕೊಡುತ್ತದೆ. ಓದಿದ ಕೂಡಲೇ ನನ್ನ ತಲೆಯಲ್ಲಿ ಬಂದ ಹೆಸರು ಉಡುಪಿಯವರದೇ. ಎಷ್ಟೋ ಸಲ ಕಾರಿನಲ್ಲಿ ಅವರು “ನಿಮ್ಮಲ್ಲಿ ಎಂತಾದ್ರೂ ಓಪನಿಂಗ್ ಬಂದ್ರೆ ಹೇಳಿ ಮಾರಾಯ್ರೆ” ಎಂದಿದ್ದರು. ಫಾರ್ವರ್ಡ್ ಒತ್ತುವುದಕ್ಕೆ ಎರಡು ಸೆಕೆಂಡು ಸಾಕಿತ್ತು. ನಾನು ಅದರ ಪಕ್ಕ ಹಳದಿ ನಕ್ಷತ್ರ ಒತ್ತಿ ಇಟ್ಟುಕೊಂಡೆ. ಅವರಿಗೆ ಕೆಲಸ ಇದೆಯಲ್ಲ, ಅವಸರವೇನು? ಮೊದಲು ಆ ಗಣಿಗಳ ಷರತ್ತನ್ನು ಸಡಿಲ ಮಾಡಲಿ, ಅವರೇ ಬಂದು ಮಾತಾಡಿಸಲಿ, ಆಮೇಲೆ ನೋಡೋಣ ಎಂದುಕೊಂಡೆ. ನಲವತ್ತೆಂಟು ವರ್ಷದ ಗಂಡಸು ನಾನು. ಹೀಗೆಯೇ ಅಂದುಕೊಂಡೆ.

ಸಮ್ಮೇಳನ ಏಪ್ರಿಲ್ ಮೂರನೆಯ ವಾರ, ಶಾಲೆಯ ಲೈಬ್ರರಿಯಲ್ಲಿ ನಡೆಯಿತು. ತಂದೆತಾಯಿಗಳಿಗೂ ಆಹ್ವಾನವಿತ್ತು. ನಾನು ರಜೆ ಹಾಕಿ ಹೋದೆ. ಗೆದ್ದ ದೇಶಗಳ ಅಪ್ಪ ಅಮ್ಮಂದಿರಿಗೆ ಒಳಗೆ ಕುರ್ಚಿ ಹಾಕಿದ್ದರು. ನಾನೂ ಒಳಗೆ ಕೂರಬಹುದಿತ್ತು, ಆದರೆ ಮಗಳ ಜೊತೆ ಕಾರಿಡಾರಿನಲ್ಲೇ ನಿಂತೆ. ಅವಳು ನನ್ನ ಕಪ್ಪು ಟೈ ಕಟ್ಟಿಕೊಂಡು, ನನ್ನ ಹನ್ನೊಂದು ಪುಟಗಳನ್ನು ಎದೆಗೆ ಒತ್ತಿ ಹಿಡಿದು, ನೀರಿನ ನಲ್ಲಿಯ ಪಕ್ಕ ನಿಂತಿದ್ದಳು. ಬಾಗಿಲ ಗಾಜಿನಿಂದ ಉಡುಪಿಯವರು ಕಾಣುತ್ತಿದ್ದರು. ಇಸ್ತ್ರಿ ಮಾಡಿದ ಅಂಗಿ, ಕತ್ತಿನ ಹತ್ತಿರ ಸಡಿಲವಾಗಿತ್ತು. ಪತ್ರೊಡೆ, ಹಯಗ್ರೀವ ಎಲ್ಲ ನಮಗೇ ಕಳಿಸಿ ಅವರು ಏನು ತಿನ್ನುತ್ತಿದ್ದಾರೋ ಎಂದು ಒಂದು ಕ್ಷಣ ಅನ್ನಿಸಿತು. ಅಷ್ಟರಲ್ಲಿ ಜರ್ಮನಿಯನ್ನು ಕರೆದರು.

ನಾನು ಅವಳ ಹಿಂದೆಯೇ ಒಳಗೆ ಹೋಗಿ ಗೋಡೆಗೆ ಒರಗಿ ನಿಂತೆ. ಫ್ರಾನ್ಸ್ ಎದ್ದು ನಿಂತು ಷರತ್ತುಗಳನ್ನು ಓದಿತು. ಆ ಹುಡುಗಿಯ ಧ್ವನಿ ಸ್ವಲ್ಪ ನಡುಗುತ್ತಿತ್ತು. ಕೊನೆಗೆ ಕಾಗದವನ್ನು ಮೇಜಿನ ಮೇಲೆ ತಳ್ಳಿ, ಜರ್ಮನಿಗೆ ಆಕ್ಷೇಪಣೆ ಇದೆಯೇ ಎಂದು ಕೇಳಿತು. ನಾನು ಮೊದಲ ವಾಕ್ಯವನ್ನು ಮನಸ್ಸಿನಲ್ಲೇ ಹೇಳಿಕೊಂಡೆ. ಅದು ಬಹಳ ಗಂಭೀರವಾದ ವಾಕ್ಯವಾಗಿತ್ತು. ಮಗಳು ನನ್ನ ಹನ್ನೊಂದು ಪುಟಗಳನ್ನು ಬೋರಲಾಗಿ ಮೇಜಿನ ಮೇಲಿಟ್ಟು, ಆಕ್ಷೇಪಣೆ ಇಲ್ಲ ಎಂದು ಹೇಳಿ, ಸಹಿ ಹಾಕಿಬಿಟ್ಟಳು. ಫ್ರಾನ್ಸ್ ಮೇಜು ಸುತ್ತಿ ಬಂದು ಜರ್ಮನಿಯನ್ನು ತಬ್ಬಿಕೊಂಡಿತು. ಇತಿಹಾಸದಲ್ಲಿ ಹಾಗೆ ನಡೆದಿಲ್ಲ ಎಂದು ಟೀಚರ್ ನಗುತ್ತಾ ಹೇಳಿದರು.

ಪಾರ್ಕಿಂಗ್ ಲಾಟಿನಲ್ಲಿ ಕಾರಿನ ಬಾಗಿಲು ಹಾಕಿದ ಕೂಡಲೇ ನಾನು ಶುರು ಮಾಡಿದೆ. ಓದು ಅಂತ ಕೊಟ್ಟರೆ ಒಂದು ಸಾಲೂ ಓದಲಿಲ್ಲವಲ್ಲ, ಏಳು ವಾರ ಕೂತು ಬರೆದದ್ದು ನಾನು.

“ಅಪ್ಪಾ, ಸ್ಟಾಪ್” ಎಂದಳು. “ನಾನು ಓದಿದ್ರೆ ಸೆಕೆಂಡ್ ರೌಂಡ್ ನೆಕ್ಸ್ಟ್ ವೀಕ್. ಅವ್ಳಿಗೆ ಟೈಮ್ ಇಲ್ಲ. ಅವ್ರು ಪ್ಯಾಕ್ ಮಾಡ್ಬೇಕು.”

“ಎಲ್ಲಿಗೆ ಪ್ಯಾಕು?”

“ಅಂಕಲ್ ಜಾಬ್ ಹೋಯ್ತು. ಮಾರ್ಚಲ್ಲೇ. ಇನ್ನು ಇಲೆವೆನ್ ಡೇಸ್ ಇದೆ. ಆಮೇಲೆ ದೇ ಹ್ಯಾವ್ ಟು ಲೀವ್. ನಾನು ಹೇಳಲ್ಲ ಅಂತ ಪ್ರಾಮಿಸ್ ಮಾಡಿದ್ದೆ.” ಟೈ ಬಿಚ್ಚಿ ಮಡಿಲಲ್ಲಿ ಇಟ್ಟುಕೊಂಡಳು. “ಅವ್ರ ಮನೇಲಿ ಈ ವರ್ಷ ಯಾರೂ ಏನೂ ವಿನ್ ಆಗಿಲ್ಲ ಅಪ್ಪಾ. ಸೋ ಇದನ್ನ ಕೊಟ್ಟೆ.”

ನನಗೆ ಯುಗಾದಿ ಊಟದ ಆ ‘ಇಲ್ಲ’ ಈಗ ಕೇಳಿಸಿತು. ಅಲ್ಲಿಂದಲೇ ಮ್ಯಾನೇಜರಿಗೆ ಫೋನ್ ಮಾಡಿದೆ. ಆ ಜಾಗ ಹಿಂದಿನ ಶುಕ್ರವಾರ ತುಂಬಿತು, ನೀನು ಮೊದಲೇ ಹೆಸರು ಕೊಡಬಾರದಿತ್ತೇ ಎಂದು ಅವಳು ಬಹಳ ಮೆತ್ತಗೆ ಕೇಳಿದಳು.

ಅವರ ಮನೆಯ ಬಾಗಿಲು ತೆರೆದೇ ಇತ್ತು. ಉಡುಪಿಯವರು ಹಾಲಿನಲ್ಲಿ ನೆಲದ ಮೇಲೆ ಕೂತು ರಟ್ಟಿನ ಪೆಟ್ಟಿಗೆಗಳಿಗೆ ಟೇಪು ಹಚ್ಚುತ್ತಿದ್ದರು. ಇನ್ನೂ ಸಮ್ಮೇಳನದ ಅಂಗಿಯಲ್ಲೇ ಇದ್ದರು. ನಾನು ಎದುರು ಕೂತು ಎಲ್ಲವನ್ನೂ ಹೇಳಿದೆ. ಇಮೇಲ್ ಬಂದದ್ದು, ನಕ್ಷತ್ರ ಒತ್ತಿ ಇಟ್ಟುಕೊಂಡದ್ದು, ಜಾಗ ತುಂಬಿದ್ದು. ಹೇಳದೆ ಇದ್ದರೆ ಅವರಿಗೆ ಎಂದೂ ತಿಳಿಯುತ್ತಿರಲಿಲ್ಲ ಎಂದು ಭಾವಿಸಿದ್ದೆ.

“ಗೊತ್ತುಂಟು” ಎಂದರು. “ನಿಮ್ಮ ಕಂಪನಿ ವೆಬ್‌ಸೈಟಲ್ಲಿ ನೋಡಿದ್ದೆ. ಅಪ್ಲೈ ಮಾಡಿದ್ದೆ ಕೂಡ. ಒಳಗಿಂದ ಯಾರಾದ್ರೂ ಹೇಳದೆ ಅದನ್ನು ಯಾರು ಓದ್ತಾರೆ?”

“ಮತ್ತೆ ನನ್ನನ್ನ ಒಂದು ಮಾತು ಕೇಳಬಾರದಿತ್ತಾ?”

ಅವರು ಟೇಪಿನ ತುದಿಯನ್ನು ಉಗುರಿನಿಂದ ಹುಡುಕುತ್ತಾ ಕೂತರು. “ಗೆದ್ದವ ಹೋಗಿ ಕೇಳ್ಲಿಕ್ಕೆ ಆಗ್ತದಾ ಮಾರಾಯ್ರೆ?”

ನಾನು ಆ ಒಪ್ಪಂದದ ಬಗ್ಗೆ ಲೈಬ್ರರಿಯ ನಾಲ್ಕು ಪುಸ್ತಕ ತಿರುವಿದ್ದೆ. ಗೆದ್ದವರ ಕಡೆ ಉರಿದುಹೋದ ಊರುಗಳ ಅಧ್ಯಾಯ ಬಂದಾಗಲೆಲ್ಲ ಪುಟ ಮಗುಚಿ ಮುಂದೆ ಹೋಗಿದ್ದೆ. ಅವರ ಕೈಯಿಂದ ಟೇಪು ತೆಗೆದುಕೊಂಡು ತುದಿ ಹುಡುಕಿ ಕೊಟ್ಟೆ. ಆ ಸಂಜೆ ನನ್ನ ಹೆಂಡತಿಯೂ ಬಂದಳು, ನಾಲ್ವರೂ ಸೇರಿ ಅಮೆರಿಕದಲ್ಲಿ ನಮಗೆ ಗೊತ್ತಿದ್ದ ಪ್ರತಿಯೊಬ್ಬ ಕನ್ನಡಿಗನಿಗೂ ಫೋನ್ ಮಾಡಿದೆವು. ಕೆಲವರು ನನ್ನ ಹತ್ತಿರ ವರ್ಷಗಳಿಂದ ಮಾತಾಡಿರಲಿಲ್ಲ. ಅವರಲ್ಲಿ ಇಬ್ಬರ ಹತ್ತಿರ ನಾನು ಕ್ಷಮೆಯನ್ನೂ ಕೇಳಬೇಕಾಯಿತು.

ಅರವತ್ತಕ್ಕೆ ಎರಡು ದಿನ ಉಳಿದಿರುವಾಗ ಅಟ್ಲಾಂಟಾದ ಒಂದು ಸಣ್ಣ ಕಂಪನಿ ಅವರ ವೀಸಾ ಅರ್ಜಿ ಹಾಕಿತು. ಸಂಬಳ ಮೊದಲಿಗಿಂತ ಕಡಿಮೆ, ಆದರೆ ಉಳಿದುಕೊಂಡರು. ಅಲ್ಲೇ ಹತ್ತಿರದ ನಾರ್‌ಕ್ರಾಸ್‌ನಲ್ಲಿ ಬಾಡಿಗೆ ಮನೆ ಸಿಕ್ಕಿತು. ಶಾಲೆ ಮುಗಿಯುವವರೆಗೆ ಅವರ ಮಗಳು ನಮ್ಮ ಮನೆಯಲ್ಲಿ ಇದ್ದಳು. ಫ್ರಾನ್ಸ್ ಮತ್ತು ಜರ್ಮನಿ ಆರು ವಾರ ಒಂದೇ ಮಂಚದಲ್ಲಿ ಮಲಗಿದವು. ಸಾಮಾನು ತುಂಬಿದ ಬಾಡಿಗೆ ಟ್ರಕ್ಕನ್ನು ಉಡುಪಿಯವರೂ ನಾನೂ ಸರದಿಯಲ್ಲಿ ಓಡಿಸಿಕೊಂಡು ಹೋದೆವು.

ವರ್ಜೀನಿಯಾ ಪೂರ್ತಿ ಪೆಟ್ರೋಲು, ಟ್ರಾಫಿಕ್ಕಿನ ಮಾತಾಯಿತು. ನಾರ್ತ್ ಕ್ಯಾರೊಲಿನಾದಲ್ಲಿ ಕಾಫಿ ಕುಡಿದೆವು. ಸೌತ್ ಕ್ಯಾರೊಲಿನಾಕ್ಕೆ ಬಂದ ಮೇಲೆ, ರಸ್ತೆಯ ಎರಡೂ ಕಡೆ ಪೈನ್ ಮರ ಬಿಟ್ಟರೆ ನೋಡಲು ಏನೂ ಇಲ್ಲದಿದ್ದಾಗ, ಅವರು ಕೇಳಿದರು.

“ಮಾರ್ಚಲ್ಲೇ ನಿಮಗೆ ಹೇಳಿದ್ರೆ, ಕೆಲಸ ಹೋಯ್ತು ಅಂತ, ನೀವು ಜರ್ಮನಿ ಪರ ಅಷ್ಟು ಜಗಳ ಮಾಡ್ತಿದ್ರಾ?”

“ಇಲ್ಲ” ಎಂದೆ. “ನೀವು ಕೇಳಿದ್ದನ್ನೆಲ್ಲ ಕೊಟ್ಟುಬಿಡ್ತಿದ್ದೆ.”

“ಅದಕ್ಕೇ ಹೇಳ್ಲಿಲ್ಲ ಮಾರಾಯ್ರೆ. ಊರಲ್ಲಿ ಅಣ್ಣ, ಅತ್ತಿಗೆ, ಹಳೇ ಆಫೀಸಿನವ್ರು, ಫೋನ್ ಮಾಡಿದ್ರೆ ಎಲ್ರೂ ಪಾಪ, ಪಾಪ ಅಂತಿದ್ರು. ಆ ಎರಡು ತಿಂಗಳಲ್ಲಿ ನನ್ನ ಹತ್ರ ಸರಿಯಾಗಿ ಜಗಳ ಮಾಡಿದ್ದು ನೀವೊಬ್ರೇ.”

ಟ್ರಕ್ ನಾನೇ ಓಡಿಸುತ್ತಿದ್ದುದರಿಂದ ಅವರ ಮುಖ ನೋಡದೆ ಇರಲು ನೆಪ ಸಿಕ್ಕಿತು. ಅವರಿಗೆ ಅದು ಗೊತ್ತಾಗಿರಬೇಕು. ಏನೇ ಹೇಳಿ, ಆ ಗಣಿಗಳಿಗೆ ಹದಿನೈದು ವರ್ಷ ಕಡಿಮೆಯೇ ಆಯಿತು, ಇಪ್ಪತ್ತು ಕೇಳಬೇಕಿತ್ತು ಎಂದರು. ನಾನು ಸೀಟಿನಲ್ಲಿ ನೆಟ್ಟಗೆ ಕೂತೆ. ನಾರ್‌ಕ್ರಾಸ್ ತಲುಪುವವರೆಗೆ ಒಂದು ಅಂಗುಲ ನೆಲವನ್ನೂ ಅವರಿಗೆ ಬಿಟ್ಟುಕೊಡಲಿಲ್ಲ.